ಕಬ್ಬು ಕಟಾವಿನ ರಾತ್ರಿಗಳು

ಪುಣೆಯಲ್ಲಿ ವನ್ಯಜೀವಿ ವೈದ್ಯೆಯಾಗಿರುವ ನನ್ನನ್ನು ಧಾರವಾಡದ ಬಂಧುಗಳು ವಿಚಾರಿಸುವುದು ಹುಲಿಯ ಭಯವನ್ನು. ಆದರೆ ಬಸುರಿಯಾಗಿದ್ದಾಗ ನಾನು ಹೆಚ್ಚು ಎಚ್ಚರ ವಹಿಸಿದ್ದು ಬೆಕ್ಕಿನ ಜಾತಿಯ ಪ್ರಾಣಿಗಳ ಮಲದಿಂದ ಹರಡುವ, ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಸೋಂಕಿನ ವಿಷಯದಲ್ಲಿ. ಈಗಲೂ ಹಾವು, ಆಮೆಗಳನ್ನು ಮುಟ್ಟಿದ ದಿನ ಅವುಗಳಿಂದ ಅಂಟಬಹುದಾದ, ವಾಂತಿ-ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಅಂಜಿಕೆಯಿಂದ ಸ್ನಾನ ಮುಗಿಸಿ, ಬಟ್ಟೆ ಬದಲಿಸಿದ ಮೇಲಷ್ಟೇ ಮಗಳನ್ನು ಎತ್ತಿಕೊಳ್ಳುತ್ತೇನೆ. (ಅತ್ತೆಯವರ ಪಾಲಿಗೆ ಇದು ಮಡಿಯೇ, ನಾನೂ ಅಲ್ಲಗಳೆಯಲು ಹೋಗಿಲ್ಲ.)

ಕಬ್ಬು ಕಟಾವು ಆರಂಭವಾದರೆ ಮನೆಯ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. ಪುಣೆ ಜಿಲ್ಲೆಯ ಜುನ್ನರ್ ಭಾಗದಲ್ಲಿ ಚಿರತೆಗಳು ಕಬ್ಬಿನ ಗದ್ದೆಯಲ್ಲೇ ಮರಿ ಹಾಕುವುದರಿಂದ, ಕಟಾವಿನ ಹೊತ್ತಿಗೆ ಇನ್ನೂ ಸರಿಯಾಗಿ ನಡೆಯಲಾರದ ಮರಿಗಳು ಕೂಲಿಯವರ ಕಣ್ಣಿಗೆ ಬೀಳುತ್ತವೆ. ಅವುಗಳನ್ನು ತಪಾಸಣೆ ಮಾಡಿ, ಸಿಕ್ಕ ಜಾಗದಲ್ಲೇ ಸಂಜೆ ಪೆಟ್ಟಿಗೆಯಲ್ಲಿರಿಸಿ, ಕ್ಯಾಮೆರಾ ಹೂಡಿ, ದೂರ ಸರಿದು ಕಾಯಬೇಕು. ಕತ್ತಲಾದ ಮೇಲೆ ತಾಯಿ ಬಂದರೆ ಪೆಟ್ಟಿಗೆಯೊಳಗೆ ತಲೆ ಹಾಕಿ, ಕುತ್ತಿಗೆಯ ಸಡಿಲ ಚರ್ಮವನ್ನು ಹಿಡಿದು, ಒಂದೊಂದೇ ಮರಿಯನ್ನು ಎತ್ತಿಕೊಂಡು ಹೋಗುತ್ತದೆ. ಬಾರದಿದ್ದರೆ ಮರುದಿನವೂ ಅದೇ ಕೆಲಸ. ಬೇರೊಂದು ತಾಯಿಯನ್ನು ಅದರ ಮರಿಗಳ ಬಳಿ ಸೇರಿಸುವ ಸಲುವಾಗಿ ನನ್ನ ಮಗಳು ಆ ರಾತ್ರಿಗಳನ್ನು ಪಕ್ಕದ ಮನೆಯ ಮರಾಠಿ ಆಜಿಯ ಮಗ್ಗುಲಲ್ಲಿ ಕಳೆಯುತ್ತಾಳೆ.

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ವೇತನಸಹಿತ ಹೆರಿಗೆ ರಜೆ 12ರಿಂದ 26 ವಾರಗಳಿಗೆ ಏರಿತು, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವೂ ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ಅದನ್ನು ರೂಪಿಸಿದವರ ಕಣ್ಣೆದುರಿಗಿದ್ದದ್ದು ಹಗಲಿನ ಕಚೇರಿಯೇ ಇರಬೇಕು. ನಡುರಾತ್ರಿ ಗದ್ದೆಯಿಂದ ಕರೆ ಬರುವ ವೃತ್ತಿಯವರಿಗೆ ಇಂದಿಗೂ ನೆರೆಮನೆಯ ಆಜಿಯೇ ಗತಿ.