ರಾಮನ ಬಾಣ, ರಾವಣನ ಕತ್ತಿ, ನಡುವೆ ಒಂದು ಮಳೆಕಾಡು

ನಮ್ಮ ತುಮಕೂರಿನವರಿಗೆ ನಾಮದ ಚಿಲುಮೆ ಅಂದರೆ ಭಾನುವಾರದ ಜಾಗ. ಪುಳಿಯೋಗರೆ ಕಟ್ಟಿಕೊಂಡು ಹೋಗುವುದು, ಜಿಂಕೆ ನೋಡುವುದು, ಮರದ ಕೆಳಗೆ ಒಂದು ನಿದ್ದೆ ತೆಗೆದು ವಾಪಸ್ ಬರುವುದು. ಬಂಡೆಯಲ್ಲಿರುವ ಆ ಪುಟ್ಟ ಕುಳಿಯ ಹತ್ತಿರ ಯಾರೂ ಎರಡು ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ. ವನವಾಸದಲ್ಲಿ ರಾಮ ಇಲ್ಲಿ ತಂಗಿದ್ದನಂತೆ, ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗಲಿಲ್ಲವಂತೆ, ಬಂಡೆಗೆ ಬಾಣ ಬಿಟ್ಟನಂತೆ, ನೀರು ಬಂತಂತೆ. ಅಜ್ಜಿ ಹೇಳಿದ ಕಥೆ. ಕೇಳಿ ಕೇಳಿ ಅದು ಕಥೆ ಅನ್ನುವುದೂ ಮರೆತುಹೋಗಿತ್ತು.

ಹೋದ ವರ್ಷ ಫೆಬ್ರವರಿಯಲ್ಲಿ ಶ್ರೀಲಂಕಾಕ್ಕೆ ಹೋಗಿ ಬಂದ ಮೇಲೆ ಅದೇ ಕುಳಿಯ ಮುಂದೆ ಅರ್ಧ ಗಂಟೆ ಕೂತಿದ್ದೆ. ಯಾಕೆ ಅಂತ ಹೇಳುತ್ತೇನೆ.

ಬೆಂಗಳೂರಿನಿಂದ ಕೊಲಂಬೋಗೆ ವಿಮಾನದಲ್ಲಿ ಒಂದೂವರೆ ಗಂಟೆ ಅಷ್ಟೇ. ಅಲ್ಲಿಂದ ಬಸ್ಸು ಹಿಡಿದು ದ್ವೀಪದ ಆ ಕಡೆಯ ಟ್ರಿಂಕೋಮಲಿಗೆ ಹೋದೆವು. ಊರಿನಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿ ಕನ್ನಿಯಾ ಅನ್ನುವ ಜಾಗ, ಬಿಸಿನೀರಿನ ಏಳು ಬಾವಿಗಳು. ಬಾವಿ ಅಂದರೆ ನಮ್ಮ ತೋಟದ ಬಾವಿಯ ಹಾಗಲ್ಲ, ಚೌಕವಾಗಿ ಕಟ್ಟಿದ ಸಣ್ಣ ತೊಟ್ಟಿಗಳ ಹಾಗೆ, ಬಗ್ಗಿ ನೋಡಿದರೆ ತಳ ಕಾಣುತ್ತದೆ. ಒಳಗೆ ಇಳಿಯುವ ಹಾಗಿಲ್ಲ, ಬಕೆಟ್ಟಿನಲ್ಲಿ ಮೊಗೆದು ತಲೆ ಮೇಲೆ ಸುರಿದುಕೊಳ್ಳಬೇಕು. ಒಂದೊಂದರ ಬಿಸಿಯೂ ಬೇರೆ. ಒಂದರದ್ದು ಎಳೆ ಮಗುವಿಗೆ ಎರೆಯುವ ನೀರಿನ ಹದ, ಪಕ್ಕದ್ದು ದೀಪಾವಳಿಯ ಎಣ್ಣೆಸ್ನಾನದ ಹದ.

ಪಕ್ಕದಲ್ಲಿ ಮೊಮ್ಮಗನಿಗೆ ನೀರು ಹಾಕುತ್ತಿದ್ದ ಒಬ್ಬ ತಮಿಳು ಅಜ್ಜಿ ನನ್ನ ಅರೆಬರೆ ತಮಿಳಿಗೆ ಬೇಸರ ಮಾಡಿಕೊಳ್ಳದೆ ಕಥೆ ಹೇಳಿದರು. ರಾವಣನ ತಾಯಿ ತೀರಿಕೊಂಡಳು, ಕರ್ಮ ಮಾಡಲು ನೀರು ಬೇಕಾಯಿತು, ರಾವಣ ಕತ್ತಿಯಿಂದ ನೆಲಕ್ಕೆ ಏಳು ಕಡೆ ಚುಚ್ಚಿದ. ನನಗೆ ಮೈ ಜುಮ್ಮೆಂದಿತು. ನಮ್ಮೂರಲ್ಲಿ ರಾಮ ಬಾಣ ಬಿಟ್ಟ, ಇಲ್ಲಿ ರಾವಣ ಕತ್ತಿ ಚುಚ್ಚಿದ. ಆ ಅಜ್ಜಿಗೆ ನಾಮದ ಚಿಲುಮೆಯ ಕಥೆ ಹೇಳಿದೆ. ಅವರು ಮೊಮ್ಮಗನ ತಲೆ ಒರೆಸುತ್ತಾ ಎರಡು ಸಲ ಕೇಳಿಸಿಕೊಂಡರು.

ಅಂದ ಹಾಗೆ ಶ್ರೀಲಂಕಾದಲ್ಲಿ ಜ್ವಾಲಾಮುಖಿ ಇಲ್ಲ. ಮಳೆನೀರು ಬಂಡೆಯ ಬಿರುಕುಗಳಲ್ಲಿ ತುಂಬಾ ಆಳಕ್ಕೆ ಇಳಿದು, ಭೂಮಿಯ ಒಳಗಿನ ಶಾಖಕ್ಕೆ ಕಾದು, ಬೇರೆ ಬಿರುಕು ಹಿಡಿದು ಮೇಲೆ ಬರುತ್ತದೆ. ಅದೂ ಮಳೆಯೇ.

ಮಳೆ ಎಲ್ಲಿಂದ ಒಳಗೆ ಇಳಿಯುತ್ತದೆ ಅನ್ನುವುದನ್ನು ನೋಡಿದ್ದು ಸಿಂಹರಾಜದಲ್ಲಿ. ದ್ವೀಪದ ನೈಋತ್ಯ ಭಾಗದ ಮಳೆಕಾಡು ಅದು. 1988ರಿಂದ ವಿಶ್ವ ಪರಂಪರೆ ತಾಣ. ವರ್ಷಕ್ಕೆ 3,600ರಿಂದ 5,000 ಮಿಲಿಮೀಟರ್ ಮಳೆ. ನಮ್ಮ ಜಿಲ್ಲೆಗೆ 700 ಬಂದರೆ ಆ ವರ್ಷ ರಾಗಿ ಚೆನ್ನಾಗಿ ಆಯಿತು ಅಂತಲೇ ಲೆಕ್ಕ, ಅಲ್ವಾ?

ಕುಡಾವ ಅನ್ನುವ ಹಳ್ಳಿಯ ಕಡೆಯಿಂದ ಒಳಗೆ ಹೋದೆವು. ಗೈಡ್ ಇಲ್ಲದೆ ಬಿಡುವುದಿಲ್ಲ. ಇಂಬಳ ಜಾಸ್ತಿ, ಮೊಣಕಾಲಿನವರೆಗೆ ಬರುವ ಬಟ್ಟೆಯ ಕಾಲುಚೀಲ ಹಾಕಿಕೊಳ್ಳಲೇಬೇಕು. ಇಲ್ಲದಿದ್ದರೆ ಕಾಲಿನ ಕಡೆ ನೋಡುವುದರಲ್ಲೇ ದಿನ ಕಳೆಯುತ್ತದೆ. ನಾಗಸಂಪಿಗೆ ಮರ ಅಲ್ಲಿ ಬೇಕಾದಷ್ಟಿದೆ. ಅದು ಅವರ ರಾಷ್ಟ್ರೀಯ ಮರ, 'ನಾ' ಅಂತ ಕರೆಯುತ್ತಾರೆ. ಚಿಗುರು ಕೆಂಪಗೆ, ತೇವಕ್ಕೆ ಹೊಳೆಯುತ್ತಾ ಜೋತು ಬಿದ್ದಿರುತ್ತದೆ. ಹುಳ ಹಿಡಿದು ತಿನ್ನುವ ಹೂಜಿ ಗಿಡ ಇತ್ತು, ಅದರ ಎಲೆಯ ತುದಿಯ ಹೂಜಿಯೊಳಗೆ ಮೂರು ಇರುವೆ ತೇಲುತ್ತಿದ್ದವು. ಒಂದು ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ಹಕ್ಕಿಗಳ ಸಂತೆ! ಬೇರೆ ಬೇರೆ ಜಾತಿಯ ಹಕ್ಕಿಗಳು ಒಂದೇ ಗುಂಪಾಗಿ ಮರದಿಂದ ಮರಕ್ಕೆ ಹುಳ ಹುಡುಕುತ್ತಾ ಹೋಗುತ್ತವೆ, ಕಾಜಾಣ ಜೊತೆಗಿರುತ್ತದೆ, ಐದು ನಿಮಿಷದಲ್ಲಿ ಎಲ್ಲ ಖಾಲಿ, ಕಾಡು ಮತ್ತೆ ಸುಮ್ಮನೆ.

ಇದೆಲ್ಲಕ್ಕಿಂತ ನನಗೆ ನೆನಪಿರುವುದು ಗೈಡ್ ಮಾಡಿದ ಒಂದು ಸಣ್ಣ ಕೆಲಸ. ದಾರಿ ಪಕ್ಕ ಕೂತು ಉದುರಿದ ಎಲೆಗಳನ್ನು ಮೆಲ್ಲಗೆ ಪದರ ಪದರವಾಗಿ ಸರಿಸಿದರು. ಮೇಲೆ ಒಣ ಎಲೆ, ಅದರ ಕೆಳಗೆ ಕಪ್ಪಗಾದ ಎಲೆ, ಅದರ ಕೆಳಗೆ ನರ ಮಾತ್ರ ಉಳಿದ ಎಲೆ, ಆಮೇಲೆ ಬಿಳಿ ದಾರದ ಹಾಗೆ ಅಣಬೆಯ ಎಳೆಗಳು ಹೆಣೆದುಕೊಂಡ ಕರಿ ಮಣ್ಣು. ಒಂದು ಹಿಡಿ ತೆಗೆದು ಹಿಂಡಿದರು. ಒದ್ದೆ ಬಟ್ಟೆ ಹಿಂಡಿದ ಹಾಗೆ ಬೆರಳ ಸಂದಿಯಿಂದ ನೀರು ಇಳಿಯಿತು. ಮಳೆ ಬಂದು ನಾಲ್ಕು ದಿನ ಆಗಿತ್ತು. ಹತ್ತು ಹೆಜ್ಜೆ ಕೆಳಗೆ ಬಂಡೆಯ ಸಂದಿಯಲ್ಲಿ ಅದೇ ನೀರು ಸಣ್ಣ ಝರಿಯಾಗಿ ಜಿನುಗುತ್ತಿತ್ತು. ಅಂಥ ಝರಿಗಳು ಸೇರಿ ಉತ್ತರಕ್ಕೆ ಕಳು ಗಂಗಾ, ದಕ್ಷಿಣಕ್ಕೆ ಗಿನ್ ಗಂಗಾ. ಅವರು ಎಷ್ಟೋ ನದಿಗಳಿಗೆ ಗಂಗಾ ಅನ್ನುತ್ತಾರೆ. ನಮ್ಮಲ್ಲೂ ಬೋರ್‌ವೆಲ್‌ನಲ್ಲಿ ನೀರು ಸಿಕ್ಕರೆ 'ಗಂಗಮ್ಮ ಬಂದಳು' ಅನ್ನುತ್ತೇವೆ.

ಅಲ್ಲೇ ನಿಂತಾಗ ನಮ್ಮ ನಾಮದ ಚಿಲುಮೆ ಪಕ್ಕದ ದೇವರಾಯನದುರ್ಗದ ಬೆಟ್ಟ ನೆನಪಾಯಿತು. ಒಂದೇ ಬೆಟ್ಟಸಾಲಿನಿಂದ ಶಿಂಷಾ ಹುಟ್ಟಿ ದಕ್ಷಿಣಕ್ಕೆ ಕಾವೇರಿಯ ಕಡೆ ಹೋಗುತ್ತಾಳೆ, ಜಯಮಂಗಲಿ ಉತ್ತರಕ್ಕೆ ಪಿನಾಕಿನಿಯ ಕಡೆ ಹೋಗುತ್ತಾಳೆ. ಎರಡು ನದಿ ಹಡೆದ ಬೆಟ್ಟಕ್ಕೆ ನಾವು ಹೋಗುವುದು ಫೋಟೋ ತೆಗೆಯಲು. ಬೇಸಿಗೆ ಬಂತೆಂದರೆ ಯಾರೋ ಬಿಸಾಡಿದ ಬೀಡಿಗೆ ಹುಲ್ಲು ಹೊತ್ತಿಕೊಂಡು ರಾತ್ರಿ ಊರಿನಿಂದಲೇ ಬೆಂಕಿಯ ಗೆರೆ ಕಾಣುತ್ತದೆ. ಆ ಎಲೆಯ ಪದರ ಸುಟ್ಟುಹೋದರೆ ಮುಂದಿನ ಮಳೆ ಬಂಡೆ ಮೇಲೆ ಜಾರಿ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ನನಗೆ ಇದು ನಿಜವಾಗಿಯೂ ಹೊಟ್ಟೆ ಉರಿಸುವ ವಿಷಯ. ಸಾವಿರ ಅಡಿ ಕೊರೆಸಿದರೂ ನೀರಿಲ್ಲ ಅಂತ ಅಳುವವರೂ ನಾವೇ.

ಸಿಂಹರಾಜವೂ ಪೂರ್ತಿ ಸುಖವಾಗಿ ಉಳಿದ ಕಾಡಲ್ಲ. ಪ್ಲೈವುಡ್ಡಿಗಾಗಿ 1972ರಿಂದ ಯಂತ್ರ ಇಳಿಸಿ ಮರ ಕಡಿದರು. ಜನ ವಿರೋಧ ಮಾಡಿದರು, 1977ರಲ್ಲಿ ನಿಂತಿತು. ನಾವು ನಡೆದ ದಾರಿಯೇ ಮರದ ಲಾರಿಗಳು ಓಡಾಡಿದ ರಸ್ತೆ. ಈಗ ಎರಡೂ ಕಡೆಯಿಂದ ಕೊಂಬೆ ಬಂದು ಮುಚ್ಚಿಕೊಂಡಿದೆ.

ಸಂಜೆ ಹಳ್ಳಿಯ ಒಂದು ಮನೆಯಲ್ಲಿ ಚಹಾ ಕೊಟ್ಟರು. ಸಕ್ಕರೆ ಹಾಕಿರಲಿಲ್ಲ, ಪಕ್ಕದಲ್ಲಿ ಕಿತುಲ್ ಬೆಲ್ಲದ ಚೂರು. ಕಿತುಲ್ ಅಂದರೆ ನಮ್ಮ ಬಗನಿ ಮರ. ಬೆಲ್ಲ ಕಚ್ಚಿಕೊಂಡು ಚಹಾ ಕುಡಿಯಬೇಕು. ಹೊಗೆಯ ವಾಸನೆಯ ಜೊತೆ ಸಿಹಿ. ಒಂದು ಉಂಡೆ ಕಟ್ಟಿಸಿಕೊಂಡು ತಂದೆ.

ವಾಪಸ್ ಬಂದ ಭಾನುವಾರ ನಾಮದ ಚಿಲುಮೆಗೆ ಒಬ್ಬನೇ ಹೋದೆ. ಕುಳಿಯಲ್ಲಿ ಒಂದು ಹೊಂಗೆ ಎಲೆ ಬಿದ್ದಿತ್ತು, ಪಕ್ಕದಲ್ಲಿ ಚಿಪ್ಸ್ ಪೊಟ್ಟಣ. ಪೊಟ್ಟಣ ಎತ್ತಿ ಜೇಬಿಗೆ ಹಾಕಿಕೊಂಡೆ. ಎಲೆ ಅಲ್ಲೇ ಬಿಟ್ಟೆ. ಆಮೇಲೆ ಕೂತು ಮೇಲಿನ ಗುಡ್ಡದ ಮರಗಳನ್ನು ಎಣಿಸಲು ಶುರು ಮಾಡಿದೆ.