ಪಿಗ್ಮಿ ಚೀಲದಿಂದ ಡಿಮ್ಯಾಟ್ ಖಾತೆಯವರೆಗೆ

ಉಡುಪಿಯ ನಮ್ಮ ಮನೆಗೆ ಷೇರು ಎಂಬ ಮಾತನ್ನು ತಂದವರು, ಹೊಸ ಷೇರುಗಳ ಅರ್ಜಿ ನಮೂನೆಗಳನ್ನು ಬಟ್ಟೆಚೀಲದಲ್ಲಿ ಹೊತ್ತು ಬರುತ್ತಿದ್ದ ಒಬ್ಬ ಪರಿಚಿತ ಏಜೆಂಟರು. ಕಂಪನಿಯ ವಿವರಪತ್ರವನ್ನು ತಂದೆ ಎಂದೂ ಓದಿದವರಲ್ಲ. ಸಹಿ ಹೊಂದಲಿಲ್ಲವೆಂದು ವರ್ಗಾವಣೆ ಪತ್ರ ಹಿಂದಿರುಗಿದಾಗ ಮತ್ತೆ ಬಂದು ಸರಿಪಡಿಸಿಕೊಡುತ್ತಿದ್ದ ಆ ಮನುಷ್ಯನ ಮೇಲಿನ ನಂಬಿಕೆಯಿಂದಲೇ ಅವರು ಹಣ ಹೂಡಿದರು.

ಇದು ನಮ್ಮ ಊರಿಗೆ ಹೊಸತೇನಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಲ್ಲೇ ಸಂಗ್ರಹಿಸಿತು. ಏಜೆಂಟನ ಕಮಿಷನ್ ಸಂಗ್ರಹವಾದ ಹಣವನ್ನು ಅವಲಂಬಿಸಿದ್ದರಿಂದ ಪ್ರತಿದಿನ ಬರುವುದು ಅವನಿಗೂ ಲಾಭವಾಗಿತ್ತು.

ಬಂಡವಾಳ ಮಾರುಕಟ್ಟೆಯಲ್ಲಿ ಈ ಲೆಕ್ಕ ಅಷ್ಟು ಸಲೀಸಲ್ಲ. ಹೂಡುವಾಗಲೇ ಕಡಿತವಾಗಿ ವಿತರಕರ ಕಮಿಷನ್ನಿಗೆ ಹೋಗುತ್ತಿದ್ದ ಮ್ಯೂಚುವಲ್ ಫಂಡುಗಳ ಪ್ರವೇಶ ಶುಲ್ಕವನ್ನು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2009ರ ಆಗಸ್ಟಿನಲ್ಲಿ ರದ್ದುಪಡಿಸಿದ್ದು ಹೂಡಿಕೆದಾರರ ದೃಷ್ಟಿಯಿಂದ ನ್ಯಾಯವೇ ಆಗಿತ್ತು. ಆದರೆ ತಿಂಗಳಿಗೆ ಐನೂರು ರೂಪಾಯಿ ಕಂತಿನ ಹೂಡಿಕೆಗಾಗಿ (ಎಸ್‌ಐಪಿ) ಕಾಪುವಿಗೋ ಕಾರ್ಕಳಕ್ಕೋ ಸ್ಕೂಟರ್ ಓಡಿಸುವ ವಿತರಕನಿಗೆ ಪೆಟ್ರೋಲಿನ ಖರ್ಚೂ ಹುಟ್ಟದಂತಾಯಿತು. 2012ರಲ್ಲಿ ಸೆಬಿಯೇ, ಫಂಡ್ ಹೂಡಿಕೆಯಲ್ಲಿ ಮೊದಲ 15 ಸ್ಥಾನದಲ್ಲಿದ್ದ ನಗರಗಳಾಚೆಯಿಂದ ಹಣ ತರುವ ಫಂಡುಗಳಿಗೆ ಶೇ. 0.30ರವರೆಗೆ ಹೆಚ್ಚುವರಿ ವೆಚ್ಚವನ್ನು ವಿಧಿಸಲು ಅವಕಾಶ ಕೊಟ್ಟಿತು. ಮಧ್ಯವರ್ತಿಗೆ ಕೂಲಿ ಸಿಗದ ಕಡೆ ಮಾರುಕಟ್ಟೆಯೂ ತಲುಪುವುದಿಲ್ಲವೆಂಬುದನ್ನು ಅದು ಹೀಗೆ ಒಪ್ಪಿಕೊಂಡಿತೆಂದೇ ನನ್ನ ತಿಳಿವಳಿಕೆ.

1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಕಂಪ್ಯೂಟರ್ ಪರದೆಯ ವಹಿವಾಟು, 1996ರಲ್ಲಿ ಷೇರುಗಳನ್ನು ಕಾಗದದ ಬದಲು ಎಲೆಕ್ಟ್ರಾನಿಕ್ ರೂಪದಲ್ಲಿಡುವ ಡಿಮ್ಯಾಟ್ ವ್ಯವಸ್ಥೆ ಬಂದ ಮೇಲೆ ದೂರದ ತೊಡಕು ಕರಗಿತು. (ಮಂಗಳೂರಿಗೆ ತನ್ನದೇ ಷೇರು ವಿನಿಮಯ ಕೇಂದ್ರವಿತ್ತೆಂದರೆ ಇಂದಿನ ಹುಡುಗರು ನಂಬುವುದಿಲ್ಲ.) ಈಗ ಮಣಿಪಾಲದ ವಿದ್ಯಾರ್ಥಿಯೂ ಮೊಬೈಲಿನಲ್ಲೇ ಖಾತೆ ತೆರೆಯುತ್ತಾನೆ. ಆದರೆ ಪ್ರತಿ ಆದೇಶಕ್ಕೂ ಶುಲ್ಕ ಪಡೆಯುವ ಬ್ರೋಕರನ ಆದಾಯ ಹೆಚ್ಚುವುದು ಗ್ರಾಹಕ ಸುಮ್ಮನಿರದಿದ್ದಾಗ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಮುಂದಿನ ಬೆಲೆಯ ಮೇಲಿನ ಒಪ್ಪಂದಗಳು) ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆ. ಇವರನ್ನೂ ಹೂಡಿಕೆದಾರರ ಲೆಕ್ಕಕ್ಕೆ ಸೇರಿಸಿ ಹಿಗ್ಗುವುದು ನನಗೆ ಸರಿಕಾಣುವುದಿಲ್ಲ.

ಬಂದವರನ್ನು ಓಡಿಸುವುದೂ ಮಧ್ಯವರ್ತಿಗೆ ಸಾಧ್ಯ. ನನ್ನ ಚಿಕ್ಕಮ್ಮ ಠೇವಣಿಯೆಂದು ತಿಳಿದು ಸಹಿ ಹಾಕಿದ್ದು ಷೇರು ಮಾರುಕಟ್ಟೆಗೆ ಜೋಡಿಸಿದ ವಿಮಾ ಯೋಜನೆಗೆ. ಮಾರಿದ ಸಿಬ್ಬಂದಿ ಮರುವರ್ಷ ವರ್ಗವಾಗಿ ಹೋಗಿದ್ದರು. ಆ ಬಳಿಕ ಹತ್ತು ವರ್ಷ ಚಿಕ್ಕಮ್ಮ ಬ್ಯಾಂಕ್ ಠೇವಣಿ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ, ಮಕ್ಕಳಿಗೂ ಮುಟ್ಟಗೊಡಲಿಲ್ಲ. ಕಳೆದ ತಿಂಗಳು ನಾನು ಷೇರು ಸೂಚ್ಯಂಕವನ್ನೇ ಅನುಸರಿಸಿ ಹೂಡುವ ಇಂಡೆಕ್ಸ್ ಫಂಡಿನ ವಿಷಯ ತೆಗೆದು, ಅದರ ವೆಚ್ಚ ಎಷ್ಟು ಕಡಿಮೆಯೆಂದು ವಿವರಿಸುತ್ತಿದ್ದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅದಕ್ಕೆ ಮನೆಗೆ ಯಾರು ಬರುತ್ತಾರೆ?”