ಕಪಾಟಿನ ಅಡುಗೆ: ಆರು ವಾರಗಳ ದಾಖಲೆ

ಹೊಸದೇನನ್ನೂ ಕೊಳ್ಳದೆ, ಕಪಾಟಿನಲ್ಲಿ ಸದಾ ಇರುವ ಸಾಮಗ್ರಿಗಳಿಂದಲೇ ರಾತ್ರಿಯ ಊಟ ಸಿದ್ಧವಾಗಬೇಕು. ಉಂಡೆದ್ದ ಎರಡು ಗಂಟೆಯೊಳಗೆ ಮತ್ತೇನಾದರೂ ತಿನ್ನಬೇಕೆನಿಸಿದರೆ ಆ ದಿನವನ್ನು ಸೋಲಿನ ಲೆಕ್ಕಕ್ಕೆ ಸೇರಿಸಬೇಕು. ಈ ಎರಡು ನಿಯಮಗಳನ್ನು ಇಟ್ಟುಕೊಂಡು ಆರಂಭಿಸಿದ ಪ್ರಯೋಗಕ್ಕೆ ಈಗ ಆರು ವಾರ ತುಂಬಿದೆ. ಕಪಾಟಿನಲ್ಲಿದ್ದುದು ಅಕ್ಕಿ, ಗೋಧಿ ಹಿಟ್ಟು, ಮಸೂರ ಬೇಳೆ, ಕಾಬೂಲಿ ಕಡಲೆ, ರಾಜ್ಮಾ, ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ನಿಂಬೆಹಣ್ಣು, ಎಣ್ಣೆ, ಉಪ್ಪು ಮತ್ತು ಕಾಳುಮೆಣಸು.

ಮೊದಲ ವಾರ ಏಳರಲ್ಲಿ ನಾಲ್ಕು ದಿನ ಸೋತೆ. ಅನ್ನದ ಪ್ರಮಾಣ ಹೆಚ್ಚು, ಬೇಳೆ ತೀರ ತೆಳು. ತಟ್ಟೆ ತುಂಬಿದ್ದರೂ ಹೊಟ್ಟೆಗೆ ಅದು ಸಾಲುತ್ತಿರಲಿಲ್ಲ. ಅಚ್ಚರಿಯೆಂದರೆ, ಬೇಯಿಸಿದ ಆಲೂಗಡ್ಡೆಯನ್ನು ಎಣ್ಣೆ, ಉಪ್ಪು, ಕಾಳುಮೆಣಸಿನೊಂದಿಗೆ ಕಲಸಿ ತಿಂದ ದಿನ ಹಸಿವು ಸುಳಿಯಲೇ ಇಲ್ಲ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 38 ಆಹಾರಗಳನ್ನು ಸಮಾನ ಕ್ಯಾಲೊರಿಯ ಪ್ರಮಾಣದಲ್ಲಿ ಕೊಟ್ಟು, ಅವು ಎಷ್ಟು ತೃಪ್ತಿ ನೀಡುತ್ತವೆಂದು ಹೋಲಿಸಲಾಗಿತ್ತು. ಬಿಳಿ ಬ್ರೆಡ್ಡಿಗೆ 100 ಅಂಕವೆಂದು ಇಟ್ಟುಕೊಂಡಾಗ ಬೇಯಿಸಿದ ಆಲೂಗಡ್ಡೆಗೆ ಬಂದದ್ದು 323. ನಾವು ಬಡ ತರಕಾರಿಯೆಂದು ಬದಿಗಿಡುವುದಕ್ಕೆ ಪಟ್ಟಿಯ ಮೊದಲ ಸ್ಥಾನ ಸಿಕ್ಕಿತ್ತು ಎಂಬುದನ್ನು ಓದಿ ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಅಂದಿನಿಂದ ಅನ್ನವನ್ನು ಇಳಿಸಿ ಬೇಳೆಕಾಳನ್ನು ಏರಿಸಿದೆ. ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪ್ರೋಟೀನಿನ ಘಟಕ ಕಾಳಿನಲ್ಲಿ ಧಾರಾಳವಾಗಿದೆ, ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ಎಂಬ ಇನ್ನೊಂದು ಘಟಕ ಧಾನ್ಯದಲ್ಲಿದೆ. ಹೀಗಾಗಿ ಎರಡೂ ಒಂದೇ ದಿನದ ಊಟದಲ್ಲಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಎರಡನೆಯ ವಾರವನ್ನು ಕಾಬೂಲಿ ಕಡಲೆ ತಿಂದುಹಾಕಿತು. ರಾತ್ರಿಯಿಡೀ ನೆನೆಸಿ, ಟೊಮೆಟೊದೊಂದಿಗೆ ಒಂದೇ ಪಾತ್ರೆಯಲ್ಲಿ ಒಂದೂವರೆ ಗಂಟೆ ಕುದಿಸಿದರೂ ಕಾಳು ಹಲ್ಲಿಗೆ ಗಟ್ಟಿಯಾಗಿಯೇ ಉಳಿಯಿತು. ತಪ್ಪು ಕಾಳಿನದಲ್ಲ, ನನ್ನ ಅನುಕ್ರಮದ್ದು. ಕಾಳಿನ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಕರಗಿದಾಗ ಮಾತ್ರ ಕಾಳು ಮೆತ್ತಗಾಗುತ್ತದೆ, ಹುಳಿಯಿರುವ ನೀರಿನಲ್ಲಿ ಅದು ಬಹಳ ನಿಧಾನವಾಗಿ ಕರಗುತ್ತದೆ. ಮರುದಿನ ಕಾಳು ಪೂರ್ತಿ ಬೆಂದ ಮೇಲೆ ಟೊಮೆಟೊ ಹಾಕಿದಾಗ ಸಮಸ್ಯೆಯೇ ಇರಲಿಲ್ಲ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲವೆಂಬ ಮಾತನ್ನೂ ನಾನು ನಂಬಿಕೊಂಡಿದ್ದೆ. ಒಂದು ಲೀಟರ್ ನೀರಿಗೆ 15 ಗ್ರಾಂ ಉಪ್ಪು ಬೆರೆಸಿ ನೆನೆಸಿದ ಕಾಳು, ಬರಿಯ ನೀರಿನಲ್ಲಿ ನೆನೆಸಿದ್ದಕ್ಕಿಂತ ಬೇಗ ಬೆಂದು, ಸಿಪ್ಪೆಯೂ ಮೃದುವಾಯಿತು. ಸಿಪ್ಪೆಯ ಪೆಕ್ಟಿನ್ನನ್ನು ಬಿಗಿದಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳ ಜಾಗವನ್ನು ಸೋಡಿಯಂ ಆಕ್ರಮಿಸುವುದೇ ಇದಕ್ಕೆ ಕಾರಣ. ಕಪಾಟಿನ ಹಿಂಬದಿಯಲ್ಲಿ ಸಿಕ್ಕ ಹಳೆಯ ಪೊಟ್ಟಣಕ್ಕೆ ಮಾತ್ರ ಯಾವ ಉಪಾಯವೂ ನಾಟಲಿಲ್ಲ. ಸೆಕೆ ಮತ್ತು ತೇವದಲ್ಲಿ ಬಹುಕಾಲ ಇದ್ದ ಕಾಳು ಎಷ್ಟು ಕುದಿಸಿದರೂ ಸರಿಯಾಗಿ ಮೆತ್ತಗಾಗುವುದಿಲ್ಲ. ಈಗ ಪ್ರತಿ ಡಬ್ಬಿಯ ಮೇಲೂ ತಂದ ತಿಂಗಳನ್ನು ಬರೆದಿಡುತ್ತಿದ್ದೇನೆ.

ರಾಜ್ಮಾದ ವಿಷಯದಲ್ಲಿ ಪ್ರಯೋಗಕ್ಕೆ ಅವಕಾಶವಿಲ್ಲ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ನಾಲ್ಕೈದು ಕಾಳುಗಳಿಂದಲೇ ತೀವ್ರ ವಾಂತಿ ತರಿಸಬಲ್ಲದು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಚೆನ್ನಾಗಿ ಕುದಿಸಿದ ಮೇಲೆಯೇ ಉರಿ ತಗ್ಗಿಸುತ್ತೇನೆ. ಕುದಿಯ ಮಟ್ಟ ಮುಟ್ಟದ ಮಂದ ಉರಿಯಲ್ಲಿ ದಿನವಿಡೀ ಬೇಯಲು ಬಿಡುವುದು ಅಪಾಯಕಾರಿ.

ನಾಲ್ಕನೆಯ ವಾರದಲ್ಲಿ ಊಟದ ರುಚಿಯೇ ಬದಲಾಯಿತು, ಬದಲಾಯಿಸಿದ್ದು ಈರುಳ್ಳಿ. ಹತ್ತು ನಿಮಿಷದಲ್ಲಿ ಈರುಳ್ಳಿ ಕಂದುಬಣ್ಣಕ್ಕೆ ಬರುತ್ತದೆಂದು ಬರೆಯುವವರು ಗಡಿಯಾರ ನೋಡಿದ್ದಾರೆಯೇ ಎಂಬ ಸಂಶಯ ನನಗಿದೆ. ಒಂದು ಕಿಲೋ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ದಪ್ಪ ತಳದ ಬಾಣಲೆಯಲ್ಲಿ ಸಾಧಾರಣ ಉರಿಯಲ್ಲಿಟ್ಟಾಗ ನನಗೆ ಹಿಡಿದದ್ದು 45 ನಿಮಿಷ. ಅದರೊಳಗಿನ ನೀರು ಆರುವವರೆಗೆ ಬಾಣಲೆಯ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. ಬಣ್ಣ ಮತ್ತು ಪರಿಮಳ ವೇಗವಾಗಿ ಮೂಡುವುದು ಸುಮಾರು 140 ಡಿಗ್ರಿಯ ನಂತರ. ಉರಿ ಏರಿಸಿ ಆತುರಪಟ್ಟ ದಿನ ಅಂಚು ಸೀದು, ನಡುವೆ ಹಸಿಯಾಗಿಯೇ ಉಳಿದಿತ್ತು. ತಳ ಹಿಡಿದಾಗಲೆಲ್ಲ ಒಂದೆರಡು ಚಮಚ ನೀರು ಚಿಮುಕಿಸಿ ಕೆರೆದರೆ ಅಲ್ಲಿ ಅಂಟಿದ ಕಂದು ಪದರವೆಲ್ಲ ಈರುಳ್ಳಿಗೇ ಮರಳುತ್ತದೆ. ಕಿಲೋ ಈರುಳ್ಳಿ ಒಂದು ಸಣ್ಣ ಬಟ್ಟಲಿಗೆ ಇಳಿಯಿತು. ಅದನ್ನು ಪಾಲು ಮಾಡಿ ಫ್ರೀಜರಿನಲ್ಲಿಟ್ಟಿದ್ದೇನೆ. ಒಂದು ಪಾಲು ಬೆರೆತ ಮಸೂರ ಬೇಳೆಗೆ ಗಂಟೆಗಟ್ಟಲೆ ಬೆಂದ ಅಡುಗೆಯ ಗಾಂಭೀರ್ಯ ಬರುತ್ತದೆ.

ಐದನೆಯ ವಾರದಲ್ಲಿ ಬರೆದಿಡುವಂತಹದು ಒಂದೇ. ಉಳಿದ ಅನ್ನವನ್ನು ಪಾತ್ರೆಯಲ್ಲೇ ರಾತ್ರಿಯಿಡೀ ಹೊರಗೆ ಬಿಡುವ ನನ್ನ ಅಭ್ಯಾಸ ನಿಂತಿತು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯನ್ನೂ ತಾಳಿಕೊಂಡು, ಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಉತ್ಪಾದಿಸುತ್ತವೆ, ಆ ವಿಷವನ್ನು ಮತ್ತೆ ಬಿಸಿ ಮಾಡಿ ಕಳೆಯಲಾಗದು. ಈಗ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸುತ್ತೇನೆ.

ಆರನೆಯ ವಾರದ ಸೋಲು ಒಂದೇ ದಿನ. ಅಂದು ರಾಜ್ಮಾ ಚೆನ್ನಾಗಿಯೇ ಬೆಂದಿತ್ತು, ಉಪ್ಪೂ ಸರಿಯಿತ್ತು, ಆದರೂ ಊಟ ಸಪ್ಪೆಯೆನಿಸಿ ಮತ್ತೆ ಉಪ್ಪು ಸುರಿದು ಕೆಡಿಸಿದೆ. ಬೇಕಾಗಿದ್ದುದು ಹುಳಿ. ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣನ್ನು ಹಿಂಡಿದ್ದರೆ ಸಾಕಿತ್ತೆಂದು ಮರುದಿನ ಅದೇ ಅಡುಗೆಯಲ್ಲಿ ಖಚಿತವಾಯಿತು. ಕಾಳು ಬೇಯುವ ಮುನ್ನ ಶತ್ರುವಾಗಿದ್ದ ಹುಳಿ ಬೆಂದ ಮೇಲೆ ಇಷ್ಟು ಉಪಕಾರಿಯಾಗುತ್ತದೆಂದು ಎರಡನೆಯ ವಾರದಲ್ಲಿ ನಾನು ಊಹಿಸಿರಲಿಲ್ಲ.

ಗೋಧಿ ಹಿಟ್ಟಿನ ಡಬ್ಬಿಯನ್ನು ಇನ್ನೂ ತೆರೆದೇ ಇಲ್ಲ. ಏಳನೆಯ ವಾರ ಅದಕ್ಕೆ ಮೀಸಲು. ನಾಳೆಗೆಂದು 200 ಗ್ರಾಂ ಕಾಬೂಲಿ ಕಡಲೆ ಉಪ್ಪುನೀರಿನಲ್ಲಿ ನೆನೆಯುತ್ತಿದೆ.